ತೇರಿಗೆ ದಾರಿ ಬಿಡುವ ಊರು, ನಕ್ಷೆಗೆ ಯಾಕೆ ಬಿಡಲ್ಲ?

ಇವತ್ತು ರಾಜಕೀಯ ಇಲ್ಲ. ಇವತ್ತು ಒಂದು ಬೀದಿಯ ಕಥೆ ಹೇಳ್ತೀನಿ.

ಶಿರಸಿಯ ಮಾರಿಕಾಂಬಾ ಜಾತ್ರೆ ನಿಮಗೆ ಗೊತ್ತು. ಎರಡು ವರ್ಷಕ್ಕೊಮ್ಮೆ. ಮದುವೆ ಮುಗಿಸಿದ ಅಮ್ಮ ತೇರು ಹತ್ತುತ್ತಾಳೆ, ದೇವಸ್ಥಾನದಿಂದ ಬಿಡಕಿಬೈಲಿನ ಗದ್ದುಗೆಗೆ ಹೊರಡುತ್ತಾಳೆ. ಆ ದಿನ ಬೀದಿಯನ್ನ ನೋಡಬೇಕು. ತಂತಿ ಮೇಲೇರಿರುತ್ತೆ, ಇಲ್ಲಾ ಬಿಚ್ಚಿರುತ್ತಾರೆ. ಮುಂದೆ ಚಾಚಿದ ತಗಡು ಒಳಗೆ ಹೋಗಿರುತ್ತೆ. ಗಟಾರದ ಮೇಲೆ ಹಾಕಿದ ಹಲಗೆ ಮಾಯ, ಬೋರ್ಡು ಮಾಯ, ಬೈಕು ಮಾಯ. ಯಾರಾದರೂ ನೋಟಿಸ್ ಕೊಟ್ಟರಾ? ಜೆಸಿಬಿ ಬಂತಾ? ಕೋರ್ಟಿಗೆ ಯಾರಾದರೂ ಹೋದರಾ? ಇಲ್ಲ. ಅಮ್ಮ ಬರ್ತಾಳೆ ಅಂದರೆ ದಾರಿ ಬಿಡಬೇಕು, ಅಷ್ಟೇ.

ಜಾತ್ರೆ ಮುಗೀತು. ಅಮ್ಮ ವಾಪಸ್ಸು. ಮಾರನೇ ತಿಂಗಳು ಅದೇ ಬೀದಿಗೆ ಟೇಪ್ ಹಿಡಿದು ಒಬ್ಬ ಸರ್ವೇಯರ್ ಬರಲಿ, ನೋಡಿ. ಅಂಗಡಿ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತೆ. ಫೋನು ಶುರುವಾಗುತ್ತೆ. ವಕೀಲರಿಗೊಂದು, ಮೆಂಬರ್‌ಗೊಂದು.

ತೇರಿಗೆ ದಾರಿ ಬಿಡುವ ಊರು ನಕ್ಷೆಗೆ ಯಾಕೆ ಬಿಡಲ್ಲ? ಜನರಿಗೆ ಭಕ್ತಿ ಇದೆ, ನಾಗರಿಕ ಪ್ರಜ್ಞೆ ಇಲ್ಲ ಅಂತ ಕೆಲವರು ಸುಲಭವಾಗಿ ಹೇಳಿಬಿಡ್ತಾರೆ. ನಾನು ಒಪ್ಪಲ್ಲ. ಉತ್ತರ ಬೇರೆ ಇದೆ, ಅದಕ್ಕೆ ಮುನ್ನೂರು ವರ್ಷ ಹಿಂದೆ ಹೋಗಬೇಕು.

ಶಿರಸಿಯಿಂದ ಹತ್ತಿರದಲ್ಲೇ ಸೋಂದಾ. ಇವತ್ತು ಅಲ್ಲಿಗೆ ಹೋದರೆ ವಾದಿರಾಜ ಮಠ ಇದೆ, ಸ್ವರ್ಣವಲ್ಲಿ ಮಠ ಇದೆ, ತೋಟ ಇದೆ, ಕಾಡು ಇದೆ, ಕೋಟೆಯ ಕಲ್ಲು ಇದೆ. ಆದರೆ ಪೇಟೆ? ಒಂದು ಕಾಲದಲ್ಲಿ ಅದು ರಾಜಧಾನಿ ಸ್ವಾಮಿ. 16ನೇ ಶತಮಾನದಲ್ಲಿ ಅರಸಪ್ಪ ನಾಯಕನಿಂದ ಹಿಡಿದು ಸೋದೆಯ ಅರಸರು ಕಾಳುಮೆಣಸಿನ ವ್ಯಾಪಾರದ ಮೇಲೆ ಕಟ್ಟಿದ ಪಟ್ಟಣ. 1763-64ರ ಹೊತ್ತಿಗೆ ಹೈದರ್ ಅಲಿಯ ಸೈನ್ಯ ಬಂತು. ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಆಮೇಲೆ ಏನಾಯ್ತು? ಪೇಟೆ ಮತ್ತೆ ಏಳಲಿಲ್ಲ. ದೇವರು ಉಳಿದ, ಮಠ ಉಳಿಯಿತು, ಪೇಟೆ ಹೋಯಿತು.

ಯುದ್ಧ ಒಂದೇ ಕಾರಣ ಅಲ್ಲ. ಯುದ್ಧದಲ್ಲಿ ಸುಟ್ಟ ಎಷ್ಟೋ ಊರು ಮತ್ತೆ ಎದ್ದಿವೆ. ವ್ಯಾಪಾರ ಮಾಡೋನಿಗೆ ಅಲ್ಲೇ ಇರುವುದಕ್ಕೆ ಕಾರಣ ಇಲ್ಲದೇ ಹೋದಾಗ ಪೇಟೆ ಸಾಯುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಇಲ್ಲಿಗೇ ಬರ್ತೀನಿ.

ಸೋಂದಾ ಇಳಿಯಿತು, ಶಿರಸಿ ಏರಿತು. ಮಾರಿಕಾಂಬೆಯ ಪ್ರತಿಷ್ಠಾಪನೆ 1688ರದ್ದು ಅಂತಾರೆ. ದೇವಿಕೆರೆಯ ಹೆಸರಲ್ಲೇ ಆ ಐತಿಹ್ಯ ಇದೆ. ಆದರೆ ಶಿರಸಿಯನ್ನ ದೊಡ್ಡ ಪೇಟೆ ಮಾಡಿದ್ದು ರಸ್ತೆ. ಆ ರಸ್ತೆಯ ಹಿಂದೆ ಇದ್ದಿದ್ದು ಅಮೆರಿಕ! ಹೌದು, ನಗಬೇಡಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರೋದು ನಿಂತಿತು. ಹತ್ತಿ ಎಲ್ಲಿದೆ? ಧಾರವಾಡ ಸೀಮೆಯಲ್ಲಿದೆ. ಹಡಗು ಎಲ್ಲಿ ಬರುತ್ತೆ? ಕುಮಟಾಕ್ಕೆ, ಕಾರವಾರಕ್ಕೆ. ನಡುವೆ ಏನಿದೆ? ಸಹ್ಯಾದ್ರಿ. ಆಗ ಕೆನರಾ ಜಿಲ್ಲೆ ಮದ್ರಾಸಿನ ಕೈಯಲ್ಲಿತ್ತು. ಬೊಂಬಾಯಿಯ ಹತ್ತಿ ವ್ಯಾಪಾರಿಗಳು ಸುಮ್ಮನೆ ಕೂರಲಿಲ್ಲ, ಒತ್ತಡ ಹಾಕಿದರು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕೆನರಾ ಎರಡಾಯ್ತು. ಅದರಲ್ಲಿ ಹತ್ತಿಯ ಪಾಲು ಸಣ್ಣದಲ್ಲ.

ದೇವಿಮನೆ ಘಟ್ಟದ ದಾರಿ ಶಿರಸಿಯ ಮೇಲೆ ಕುಮಟಾಕ್ಕೆ ಇಳಿಯಿತು. ಅರಬೈಲು ಘಟ್ಟದ ದಾರಿ ಯಲ್ಲಾಪುರದ ಮೇಲೆ ಕರಾವಳಿಗೆ ಇಳಿಯಿತು. ಎತ್ತಿನ ಗಾಡಿಗಳ ಸಾಲು. ಗಾಡಿ ನಿಂತಲ್ಲಿ ನೀರು ಬೇಕು, ಹುಲ್ಲು ಬೇಕು, ಊಟ ಬೇಕು, ಸಾಲ ಕೊಡುವ ಸಾಹುಕಾರ ಬೇಕು. ಅಲ್ಲೇ ಅಂಗಡಿ, ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಕೊಟ್ಟಿಗೆ, ಅದರ ಹಿಂದೆ ಬಾವಿ. ಬೀದಿಯ ಕಡೆಗೆ ಹತ್ತು ಹದಿನೈದು ಅಡಿ ಮುಖ, ಒಳಗೆ ನೂರು ಅಡಿ ಉದ್ದ. ಪಕ್ಕದವನ ಗೋಡೆ ನನ್ನ ಗೋಡೆ ಒಂದೇ. ಮುಂದೆ ಜಗಲಿ. ಮಳೆ ವರ್ಷಕ್ಕೆ ನೂರು ಇಂಚಿನ ಆಸುಪಾಸು, ಹಾಗಾಗಿ ಇಳಿಜಾರು ಮಾಡು, ಮುಂದೆ ಚಾಚಿದ ಸೂರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಹುಲ್ಲು ಮಾಡು ಹೋಗಿ ಹೆಂಚು ಬಂತು. ಗಾಡಿಯ ಅಗಲಕ್ಕೆ ಬೀದಿ, ಮಳೆಯ ಲೆಕ್ಕಕ್ಕೆ ಮನೆ, ವ್ಯಾಪಾರದ ಲೆಕ್ಕಕ್ಕೆ ಮುಖ. ನಕ್ಷೆ ಬರೆದವರು ಯಾರೂ ಇಲ್ಲ, ಆದರೆ ಲೆಕ್ಕ ಪಕ್ಕಾ ಇತ್ತು.

1888ರಲ್ಲಿ ಮುರಗಾಂವ್ ಬಂದರಿಗೆ ರೈಲು ಬಂತು. ಹತ್ತಿ ಗಾಡಿ ಬಿಟ್ಟು ರೈಲು ಹತ್ತಿತು. ಕುಮಟಾ ಸೊರಗಿತು. ಶಿರಸಿ ಮಾತ್ರ ಬದುಕಿತು. ಯಾಕೆ? ಅಡಿಕೆ ಇತ್ತು, ಕಾಳುಮೆಣಸು ಇತ್ತು, ಏಲಕ್ಕಿ ಇತ್ತು. 1923ರಲ್ಲಿ ತೋಟಗಾರರೇ ಸೇರಿ ಟಿಎಸ್ಎಸ್ ಕಟ್ಟಿದರು. ದಲಾಲಿ ಅಂಗಡಿಯ ಜಗಲಿಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತ ತನ್ನದೇ ಸಂಘದಲ್ಲಿ ಅಡಿಕೆ ತೂಗಿಸಿದ. ಒಳ್ಳೇದೇ ಆಯ್ತು. ಆದರೆ ಇನ್ನೊಂದೂ ಆಯ್ತು. ಕಾಲಕ್ರಮದಲ್ಲಿ ಅಡಿಕೆ ವ್ಯಾಪಾರ ಹಳೇ ಬೀದಿಯಿಂದ ಸಂಘದ ಅಂಗಳಕ್ಕೆ, ಮಾರುಕಟ್ಟೆ ಯಾರ್ಡಿಗೆ ಹೋಯಿತು. ಬೀದಿಯ ದೊಡ್ಡ ಆದಾಯ ಹೊರಗೆ ನಡೆಯಿತು, ಕಟ್ಟಡ ಮಾತ್ರ ಅಲ್ಲೇ ನಿಂತಿತು.

ಈಗ ಕಾನೂನಿನ ಕಥೆಗೆ ಬನ್ನಿ. ಇಲ್ಲಿ ಪ್ಲೇಗು ಬರುತ್ತೆ.

1896. ಬೊಂಬಾಯಿಯ ಮಾಂಡವಿ. ಇಲಿ ಸತ್ತವು, ಆಮೇಲೆ ಜನ ಸತ್ತರು. ಎರಡು ವರ್ಷದಲ್ಲಿ ಹುಬ್ಬಳ್ಳಿಗೆ ಬಂತು, ಬೆಂಗಳೂರಿಗೆ ಬಂತು. ಸರ್ಕಾರ ಹೆದರಿತು. ಕಿರಿದಾದ ಓಣಿಯೇ ರೋಗ ಅಂತ ತೀರ್ಮಾನ ಆಯ್ತು. 1898ರಲ್ಲಿ ಬೊಂಬಾಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಬೆಂಗಳೂರಲ್ಲಿ ಮಲ್ಲೇಶ್ವರ, ಬಸವನಗುಡಿ ಹುಟ್ಟಿದವು. ಮೈಸೂರಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಎರಡು ದಾರಿ ನೋಡಿ. ಒಂದು, ಹೊರಗೆ ಹೊಸ ಬಡಾವಣೆ ಮಾಡಿ ಜನರನ್ನ ಕರೆಯೋದು. ಇನ್ನೊಂದು, ಒಳಗೆ ಹಳೇದನ್ನ ಒಡೆದು ದೊಡ್ಡ ರಸ್ತೆ ಬಿಡೋದು. ಬೊಂಬಾಯಿ ಟ್ರಸ್ಟ್ ಒಡೆಯಿತು. ರಸ್ತೆ ಚೆನ್ನಾಗಿ ಬಂತು. ಒಡೆದ ಮನೆಯ ಬಾಡಿಗೆದಾರ ಎಲ್ಲಿಗೆ ಹೋದ? ಪಕ್ಕದ ಓಣಿಗೆ. ಪಕ್ಕದ ಓಣಿ ಇನ್ನೂ ಕಿಕ್ಕಿರಿಯಿತು. ಇದಕ್ಕೆ ಸುಧಾರಣೆ ಅಂತ ಹೆಸರು!

ಇದನ್ನ ನೋಡಿ ಸಿಟ್ಟಿಗೆದ್ದವನು ಒಬ್ಬ ಸ್ಕಾಟ್ಲೆಂಡಿನ ಪ್ರೊಫೆಸರ್, ಪ್ಯಾಟ್ರಿಕ್ ಗೆಡ್ಡಿಸ್. 1914ರಲ್ಲಿ ಭಾರತಕ್ಕೆ ಬಂದ. ನಗರಗಳ ಬಗ್ಗೆ ಅವನು ಸಂಗ್ರಹಿಸಿದ್ದ ಪ್ರದರ್ಶನದ ಸಾಮಾನು ಬರ್ತಿದ್ದ ಹಡಗನ್ನ ಜರ್ಮನಿಯ ಎಂಡೆನ್ ಮುಳುಗಿಸಿತು. ಆಸಾಮಿ ಬಿಡಲಿಲ್ಲ, ಮತ್ತೆ ಸಂಗ್ರಹಿಸಿ 1915ರಲ್ಲಿ ಮದ್ರಾಸಿನಲ್ಲಿ ತೋರಿಸಿದ. ನಮ್ಮ ಊರುಗಳಲ್ಲಿ ಕಾಲ್ನಡಿಗೆಯಲ್ಲಿ ಓಡಾಡಿ ಅವನು ಹೇಳಿದ್ದಿಷ್ಟು. ಹಳೇ ಪೇಟೆ ಅಂದ್ರೆ ರೋಗಿ, ಹೆಣ ಅಲ್ಲ. ಕತ್ತರಿಸೋ ಮೊದಲು ನಾಡಿ ಹಿಡಿದು ನೋಡು. ಬಿದ್ದುಹೋಗಿರುವ ಒಂದು ಮನೆ ತೆಗಿ, ಆ ಜಾಗದಲ್ಲಿ ಸಣ್ಣ ಅಂಗಳ ಬಿಡು, ಒಂದು ಮರ ನೆಡು, ಓಣಿಯ ಮೂಲೆ ಸ್ವಲ್ಪ ಸರಿಮಾಡು. ಉಳಿದ ಹತ್ತೊಂಬತ್ತು ಮನೆ ಮುಟ್ಟಬೇಡ. ಇದನ್ನ ಅವನು ಉಳಿಸಿಕೊಂಡು ಮಾಡುವ ಶಸ್ತ್ರಚಿಕಿತ್ಸೆ ಅಂತ ಕರೆದ. ಎಂಜಿನಿಯರ್‌ಗಳ ಎಸ್ಟಿಮೇಟಿನ ಒಂದು ಸಣ್ಣ ಪಾಲಲ್ಲಿ ಕೆಲಸ ಆಗುತ್ತೆ ಅಂತ ತಂಜಾವೂರಿನಲ್ಲಿ ಲೆಕ್ಕ ಹಾಕಿ ತೋರಿಸಿದ.

ಇಂದೋರಿನಲ್ಲಿ ಅವನು ಮಾಡಿದ್ದಂತೂ ಶಿರಸಿಯವರು ಕೇಳಲೇಬೇಕು. 1917ರ ಸುಮಾರು. ಪ್ಲೇಗು. ಜನ ಅಧಿಕಾರಿಗಳನ್ನ ನಂಬ್ತಾ ಇಲ್ಲ. ಗೆಡ್ಡಿಸ್ ಏನು ಮಾಡಿದ? ದೀಪಾವಳಿಗೆ ಒಂದು ಮೆರವಣಿಗೆ ಮಾಡಿಸಿದ. ರಾಕ್ಷಸನ ಬೊಂಬೆ, ದೊಡ್ಡ ಇಲಿಯ ಬೊಂಬೆ, ಆನೆ, ಕುದುರೆ. ಷರತ್ತು ಒಂದೇ: ಮೆರವಣಿಗೆ ಯಾವ ಬೀದಿಗೆ ಬರುತ್ತೆ ಅಂತ ಮೊದಲೇ ಗೊತ್ತಿಲ್ಲ, ಯಾವ ಬೀದಿಯವರು ಮನೆ ರಿಪೇರಿ ಮಾಡಿ, ಕಸ ತೆಗೆದು, ಚೊಕ್ಕ ಮಾಡ್ತಾರೋ ಆ ಬೀದಿಗೆ! ಊರಿಗೆ ಊರೇ ಪೊರಕೆ ಹಿಡಿಯಿತು. ಗಾಡಿಗಟ್ಟಲೆ ಕಸ ಹೊರಗೆ ಹೋಯಿತು.

ಈಗ ಹೇಳಿ. ಪ್ರೋತ್ಸಾಹಧನ, ಇನ್ಸೆಂಟಿವ್ ಅಂತ ದೊಡ್ಡ ದೊಡ್ಡ ಸೆಮಿನಾರಿನಲ್ಲಿ ಮಾತಾಡ್ತಾರಲ್ಲ, ಇದಕ್ಕಿಂತ ದೊಡ್ಡ ಇನ್ಸೆಂಟಿವ್ ಬೇಕಾ? ಶಿರಸಿಗೆ ಇದು ಎರಡು ವರ್ಷಕ್ಕೊಮ್ಮೆ ತಾನಾಗಿಯೇ ಬರುತ್ತೆ. ಯಲ್ಲಾಪುರದಲ್ಲೂ ಗ್ರಾಮದೇವಿ ಜಾತ್ರೆ ಇದೆ. ಆದರೆ ಜಾತ್ರೆಯ ಕ್ಯಾಲೆಂಡರನ್ನೂ ಪೇಟೆಯ ರಿಪೇರಿಯ ಕ್ಯಾಲೆಂಡರನ್ನೂ ನಾವು ಒಂದು ಮಾಡಲೇ ಇಲ್ಲ. ತೇರಿಗೆ ಬೇಕಾದಷ್ಟು ಬಿಚ್ಚಿದೆವು, ತೇರು ದಾಟಿದ ಮೇಲೆ ಮತ್ತೆ ಕಟ್ಟಿದೆವು.

1915ರಲ್ಲೇ ಬೊಂಬಾಯಿ ಪ್ರಾಂತ್ಯ ಟೌನ್ ಪ್ಲಾನಿಂಗ್ ಕಾಯ್ದೆ ತಂತು. ದೇಶದಲ್ಲೇ ಮೊದಲನೆಯದು. ಉತ್ತರ ಕನ್ನಡ ಆಗ ಆ ಪ್ರಾಂತ್ಯದ ಜಿಲ್ಲೆ, ನೆನಪಿರಲಿ. ಆ ಕಾಯ್ದೆಯೊಳಗೆ ಒಂದು ಜಾಣ ಉಪಾಯ ಇತ್ತು. ಸರಳವಾಗಿ ಹೇಳ್ತೀನಿ. ಹತ್ತು ಜನರ ಹತ್ತು ಸೊಟ್ಟ ತುಂಡು ಜಾಗ ಇದೆ ಅಂತಿಟ್ಟುಕೊಳ್ಳಿ. ಎಲ್ಲವನ್ನೂ ಕಾಗದದ ಮೇಲೆ ಒಂದು ಮಾಡಿ. ರಸ್ತೆ, ಗಟಾರಕ್ಕೆ ಬೇಕಾದಷ್ಟು ಎಲ್ಲರಿಂದಲೂ ಪಾಲು ಪಾಲಾಗಿ ತೆಗೀರಿ. ಉಳಿದದ್ದನ್ನ ನೇರ ಮಾಡಿ ಅದೇ ಹತ್ತು ಜನಕ್ಕೆ ವಾಪಸ್ ಕೊಡಿ. ಯಾರೂ ಊರು ಬಿಡಲ್ಲ, ಯಾರೂ ಪೂರ್ತಿ ಕಳೆದುಕೊಳ್ಳಲ್ಲ. ಜಾಗ ಸ್ವಲ್ಪ ಕಡಿಮೆ, ಬೆಲೆ ಸ್ವಲ್ಪ ಜಾಸ್ತಿ.

ಗುಜರಾತು ಈ ಉಪಾಯವನ್ನ ಬಿಡಲಿಲ್ಲ. 2001ರ ಜನವರಿ 26ರ ಭೂಕಂಪದಲ್ಲಿ ಭುಜ್ ಪಟ್ಟಣದ ಹಳೇ ಕೋಟೆ ಪ್ರದೇಶ ಪುಡಿಯಾಯಿತು. ಶಿರಸಿಗಿಂತ ಇಕ್ಕಟ್ಟಾದ ಓಣಿಗಳು. ಅಲ್ಲಿ ಇದೇ ಟೌನ್ ಪ್ಲಾನಿಂಗ್ ಸ್ಕೀಮ್ ಮಾಡಿದರು. ತೀರ ಸಣ್ಣ ಜಾಗದವನಿಂದ ಏನೂ ತೆಗೆದುಕೊಳ್ಳಲಿಲ್ಲ, ಜಾಗ ದೊಡ್ಡದಾದಂತೆ ಕಡಿತವೂ ದೊಡ್ಡದು. ನ್ಯಾಯ ಅಂದ್ರೆ ಇದು. ರಸ್ತೆಯೂ ಬಂತು, ಜನರೂ ಅಲ್ಲೇ ಉಳಿದರು.

ನಮ್ಮ ಕಥೆ? 1956ರಲ್ಲಿ ರಾಜ್ಯ ಒಂದಾಯ್ತು. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು. ಅದರಲ್ಲೂ ಈ ಟೌನ್ ಪ್ಲಾನಿಂಗ್ ಸ್ಕೀಮಿಗೆ ಜಾಗ ಇದೆ. ಪುಸ್ತಕದಲ್ಲಿದೆ, ಬಳಕೆ ಅಷ್ಟಾಗಿ ಆಗಲೇ ಇಲ್ಲ. ನಾವು ಸುಲಭದ ದಾರಿ ಹಿಡಿದೆವು. ಹೊರಗೆ ಜಮೀನು ವಶಪಡಿಸಿಕೊ, ಸೈಟು ಮಾಡು, ಹಂಚು. ಹಳೇ ಪೇಟೆಗೆ? ಮಾಸ್ಟರ್ ಪ್ಲಾನಿನಲ್ಲಿ ಒಂದು ಬಣ್ಣ ಬಳಿ, ರಸ್ತೆಯ ಮೇಲೆ ಒಂದು ಕೆಂಪು ಗೆರೆ ಎಳಿ.

ಆ ಗೆರೆಯ ಸಂಕಟ ಏನು ಗೊತ್ತಾ? ಗೆರೆ ಬಿದ್ದ ದಿನದಿಂದ ಆ ಮನೆಯವನು ಸುಣ್ಣ ಹೊಡೆಯೋದನ್ನೂ ನಿಲ್ಲಿಸ್ತಾನೆ. ಇಂದೋ ನಾಳೆಯೋ ಹೋಗೋ ಗೋಡೆಗೆ ಯಾಕೆ ಖರ್ಚು? ಗೆರೆ ಮಾತ್ರ ವರ್ಷಗಟ್ಟಲೆ ನಕ್ಷೆಯಲ್ಲೇ ಇರುತ್ತೆ. ರಸ್ತೆಯೂ ಇಲ್ಲ, ರಿಪೇರಿಯೂ ಇಲ್ಲ.

ಇನ್ನೊಂದು ಗಂಟು ಬಾಡಿಗೆ. ಮಹಾಯುದ್ಧದ ನಂತರ ಮನೆ ಸಿಗೋದೇ ಕಷ್ಟವಾಗಿತ್ತು. ಬಾಡಿಗೆದಾರನನ್ನ ಕಾಪಾಡೋಕೆ ಬೊಂಬಾಯಿ ಪ್ರಾಂತ್ಯ 1947ರಲ್ಲಿ ಕಾಯ್ದೆ ತಂತು. ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದರ ಜಾಗಕ್ಕೆ 1999ರ ಕಾಯ್ದೆ, ಜಾರಿ ಆಗಿದ್ದು 2001ರ ಕೊನೆಗೆ. ಉದ್ದೇಶ ಒಳ್ಳೇದೇ. ಆದರೆ ಪೇಟೆ ಪೇಟೆಗಳಲ್ಲಿ ಏನಾಯ್ತು? ಅಜ್ಜ ಹಿಡಿದ ಅಂಗಡಿಗೆ ಮೊಮ್ಮಗ ಅಜ್ಜನ ಕಾಲದ ಬಾಡಿಗೆ ಕೊಡ್ತಾನೆ. ಮಾಲೀಕ ಹೆಂಚು ತಿರುವಲ್ಲ. ಬಾಡಿಗೆದಾರನೂ ತಿರುವಲ್ಲ, ಕಟ್ಟಡ ತನ್ನದಲ್ಲವಲ್ಲ. ಇಬ್ಬರ ನಡುವೆ ಮಳೆ ಒಳಗೆ ಬರುತ್ತೆ.

ಹಾಗಂತ ನಿಯಂತ್ರಣ ಕಿತ್ತು ಹಾಕಿದರೆ ಮುಗೀತಾ? ಮಲೇಶಿಯಾದ ಪೆನಾಂಗ್ ನೋಡಿ. ಅಲ್ಲಿನ ಜಾರ್ಜ್ ಟೌನ್ ಥೇಟ್ ನಮ್ಮ ಪೇಟೆಯ ಹಾಗೇ: ಕಿರಿದಾದ ಮುಖ, ಉದ್ದನೆಯ ಅಂಗಡಿ-ಮನೆ, ಮುಂದೆ ಜಗಲಿ. 2000ನೇ ಇಸವಿಯ ಮೊದಲ ದಿನ ಬಾಡಿಗೆ ನಿಯಂತ್ರಣ ಎದ್ದಿತು. ತಲೆಮಾರುಗಳಿಂದ ಇದ್ದ ಸಣ್ಣ ವ್ಯಾಪಾರಿ, ಕುಶಲಕರ್ಮಿ, ಮುದುಕರು ಊರು ಬಿಟ್ಟರು. 2008ರಲ್ಲಿ ಯುನೆಸ್ಕೋ ಪಟ್ಟ ಬಂತು. ಕಟ್ಟಡ ಉಳಿಯಿತು, ಅದರಲ್ಲಿ ಬದುಕಿದ್ದವರಲ್ಲಿ ಎಷ್ಟೋ ಜನ ಉಳಿಯಲಿಲ್ಲ. ಪೇಟೆ ಉಳಿಸೋದು ಅಂದ್ರೆ ಬರೀ ಗೋಡೆ ಉಳಿಸೋದಲ್ಲ.

ಈಗ ಸರ್ಕಾರಗಳಿಗೆ ತುಂಬಾ ಇಷ್ಟವಾದ ಒಂದು ಉಪಕರಣಕ್ಕೆ ಬರೋಣ. ಟಿಡಿಆರ್. ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು. ನಿಮ್ಮ ಅಂಗಡಿಯ ಮುಂದಿನ 200 ಚದರಡಿ ರಸ್ತೆಗೆ ಹೋಯಿತು ಅಂತಿಟ್ಟುಕೊಳ್ಳಿ. ದುಡ್ಡು ಕೊಡಲ್ಲ. ಬದಲಿಗೆ ಒಂದು ಸರ್ಟಿಫಿಕೇಟ್. ಅದರ ಬಲದಲ್ಲಿ ನೀವು ಬೇರೆ ಕಡೆ ನಿಯಮಕ್ಕಿಂತ ಹೆಚ್ಚು ಕಟ್ಟಬಹುದು, ಇಲ್ಲಾ ಬಿಲ್ಡರ್‌ಗೆ ಮಾರಬಹುದು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣ ಉಳಿದಿದ್ದರ ಹಿಂದೆ ಈ ಉಪಾಯವೂ ಇತ್ತು, 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ನಗರದ ಪರ ನಿಂತಿತು. ನಮ್ಮ ಯೋಜನಾ ಕಾಯ್ದೆಗೂ 14-ಬಿ ಕಲಮು ಬಂತು. ಬೆಂಗಳೂರಲ್ಲಿ ರಸ್ತೆ ಅಗಲೀಕರಣಕ್ಕೆ ಬಳಸಿದರು. ಅಲ್ಲೇ ಜನ ನಂಬಲಿಲ್ಲ, ಎಷ್ಟೋ ರಸ್ತೆಗಳಲ್ಲಿ ಮಾಲೀಕರು ಕಾಗದ ಬೇಡ ಅಂದರು.

ಬೆಂಗಳೂರಲ್ಲೇ ಹೀಗಾದರೆ ಸಿದ್ದಾಪುರದಲ್ಲಿ? ಸ್ವಲ್ಪ ಯೋಚನೆ ಮಾಡಿ. ಎತ್ತರ ಕಟ್ಟೋ ಹಸಿವು ಇರುವ ಊರಲ್ಲಿ ಮಾತ್ರ ಹೆಚ್ಚುವರಿ ಎತ್ತರಕ್ಕೆ ಬೆಲೆ. ಸಿದ್ದಾಪುರ ಪಟ್ಟಣ ಪಂಚಾಯಿತಿಯಲ್ಲಿ ಹತ್ತು ಮಹಡಿ ಕಟ್ಟೋರು ಯಾರು? ಆ ಸರ್ಟಿಫಿಕೇಟ್ ಕೊಳ್ಳೋರು ಯಾರು? ಗಿರಾಕಿ ಇಲ್ಲದ ಸರಕನ್ನ ಪರಿಹಾರ ಅಂತ ಕೊಟ್ಟರೆ ಅದು ಪರಿಹಾರ ಅಲ್ಲ, ಸಮಾಧಾನ. ಮುಂಬೈನಲ್ಲೂ ಇದೇ ಪಾಠ. 1969ರ ಕಾಯ್ದೆಯಲ್ಲಿ ಹಳೇ ಕಟ್ಟಡಗಳ ಮೇಲೆ ಸೆಸ್ ಹಾಕಿ, ಆ ಹಣದಲ್ಲಿ ರಿಪೇರಿ ಮಾಡೋ ಮಂಡಳಿ ಹುಟ್ಟಿತು. ಸುಮಾರು 19 ಸಾವಿರ ಕಟ್ಟಡ. ಆಮೇಲೆ ರಿಪೇರಿಯ ಜಾಗಕ್ಕೆ ಹೆಚ್ಚುವರಿ ಎಫ್ಎಸ್ಐ ಆಸೆ ಬಂತು. ಜಾಗಕ್ಕೆ ಬೆಲೆ ಇದ್ದ ಕಡೆ ಟವರ್ ಎದ್ದವು. ಲಾಭ ಕಾಣದ ಕಡೆ ಕಟ್ಟಡ ಕಾಯುತ್ತಾ ನಿಂತವು, ಕೆಲವು ಕಾಯುತ್ತಲೇ ಬಿದ್ದವು. ನಮ್ಮ ಮೈಸೂರಲ್ಲೇ ನೋಡಿ, 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿಯಿತು, ಜೀವ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಕುಸಿಯಿತು. ಒಡೆಯಬೇಕಾ ಉಳಿಸಬೇಕಾ ಅಂತ ವರ್ಷಗಟ್ಟಲೆ ಜಗಳ. ಬೀಳೋ ಗೋಡೆ ತೀರ್ಪಿಗೆ ಕಾಯಲ್ಲ.

ಕೇಂದ್ರದ ಯೋಜನೆಗಳೂ ದೊಡ್ಡ ಊರಿನ ಅಂಗಿ. 2005ರ ಜೆ-ನರ್ಮ್‌ನಲ್ಲಿ ಕರ್ನಾಟಕದಿಂದ ಬೆಂಗಳೂರು, ಮೈಸೂರು. 2015ರ ಸ್ಮಾರ್ಟ್ ಸಿಟಿಯಲ್ಲಿ ಪುನರಭಿವೃದ್ಧಿ ಅಂದ್ರೆ ಕನಿಷ್ಠ 50 ಎಕರೆಗೂ ಮೇಲೆ ಅನ್ನೋ ಮಾದರಿ. 50 ಎಕರೆ! ನಮ್ಮಲ್ಲಿ ಅದು ಪೇಟೆಗೆ ಪೇಟೆಯನ್ನೇ ನುಂಗುವ ಅಳತೆ. ನಮಗೆ ಬೇಕಾಗಿದ್ದು ಎಕರೆಯ ಲೆಕ್ಕದ ಯೋಜನೆ ಅಲ್ಲ, ಗುಂಟೆಯ ಲೆಕ್ಕದ್ದು.

ಹಾಗಾದರೆ ಏನು ಮಾಡಬೇಕು? ಬರೀ ಬೈದು ಹೋಗೋದು ನನ್ನ ಕೆಲಸ ಅಲ್ಲ. ನಾಲ್ಕು ಮಾತು ಹೇಳ್ತೀನಿ.

ಮೊದಲನೇದು, ನಿಯಮವೇ ಹಳೇ ಪೇಟೆಗೆ ಶತ್ರು. ರಸ್ತೆ ಕಿರಿದಾದಷ್ಟೂ ಕಟ್ಟಲು ಸಿಗುವ ಪ್ರಮಾಣ ಕಡಿಮೆ. ಅದರ ಮೇಲೆ ಸುತ್ತ ಜಾಗ ಬಿಡು, ಪಾರ್ಕಿಂಗ್ ಬಿಡು. ಹದಿನೈದು ಅಡಿ ಮುಖದ ಅಂಗಡಿಯವನು ಎರಡೂ ಕಡೆ ಮೂರ್ಮೂರು ಅಡಿ ಬಿಟ್ಟರೆ ಉಳಿಯೋದು ಒಂಬತ್ತು ಅಡಿ! ಅಂದ್ರೆ ಕಾನೂನಿನ ಪ್ರಕಾರ ಒಡೆದು ಕಟ್ಟಿದರೆ ಈಗ ಇರೋದಕ್ಕಿಂತ ಕಡಿಮೆ ಸಿಗುತ್ತೆ. ಯಾರು ಒಡೀತಾರೆ? ಒಬ್ಬ ಸೋರುವ ಮಾಡಿನ ಕೆಳಗೇ ಕೂರ್ತಾನೆ, ಇನ್ನೊಬ್ಬ ರಾತ್ರೋರಾತ್ರಿ ಅಕ್ರಮವಾಗಿ ಎಬ್ಬಿಸ್ತಾನೆ. ಪ್ರಾಮಾಣಿಕನಿಗೆ ದಾರಿಯೇ ಇಲ್ಲ. ಸಾಲು ಮನೆಯ ಪೇಟೆಗೆ ಸಾಲು ಮನೆಯದೇ ನಿಯಮ ಬೇಕು. ಪಕ್ಕದ ಗೋಡೆ ಕೂಡಿರಲಿ, ಬೆಂಕಿ ತಡೆಯೋ ಗೋಡೆ ಕಡ್ಡಾಯ ಮಾಡಿ, ಹಿಂದೆ ಗಾಳಿ ಬೆಳಕಿಗೆ ಅಂಗಳ ಕಡ್ಡಾಯ ಮಾಡಿ, ಪಾರ್ಕಿಂಗ್ ಊರಿಗೆಲ್ಲ ಸೇರಿ ಒಂದೆರಡು ಕಡೆ ಮಾಡಿ. ಇದಕ್ಕೆ ಕೋಟಿ ಬೇಡ, ಒಂದು ಆದೇಶ ಸಾಕು.

ಎರಡನೇದು, ಜಗಲಿ. ಸಿಂಗಾಪುರದಲ್ಲಿ 1822ರಲ್ಲೇ ರಾಫಲ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಪ್ರತಿ ಅಂಗಡಿಯ ಮುಂದೆ ಸೂರಿನಡಿ ನಡೆಯೋ ದಾರಿ ಬಿಡಬೇಕು ಅಂತ ನಿಯಮ ಮಾಡಿದ. ಜಾಗ ಅಂಗಡಿಯವನದು, ನಡಿಗೆ ಊರಿನದು. 1989ರಲ್ಲಿ ಆ ಹಳೇ ಪೇಟೆಗಳನ್ನ ಸಂರಕ್ಷಣೆಗೆ ಸೇರಿಸಿದರು, ಇವತ್ತು ಆ ಅಂಗಡಿಗಳ ಬೆಲೆ ಕೇಳಿದರೆ ತಲೆ ತಿರುಗುತ್ತೆ. ಇಷ್ಟು ಮಳೆ ಬೀಳೋ ಶಿರಸಿಯಲ್ಲಿ ಇದಕ್ಕಿಂತ ಒಳ್ಳೆ ಉಪಾಯ ಇದೆಯಾ? ರಸ್ತೆಗೆ ಅಂತ ಕಟ್ಟಡದ ಮುಖ ಕತ್ತರಿಸೋ ಬದಲು ಕೆಳಗಿನ ಐದಡಿ ನಡಿಗೆಗೆ ಬಿಡಿಸಿ. ಮೇಲಿನ ಮಹಡಿ ಅವನಿಗೇ ಇರಲಿ. ಬಿಟ್ಟವನಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಿ. ಅವನು ಕಳೆದುಕೊಂಡಿದ್ದು ಅವನ ಕಣ್ಣ ಮುಂದೆಯೇ ಇರುತ್ತೆ, ಪಡೆದಿದ್ದೂ ಕೈಯಲ್ಲೇ ಇರುತ್ತೆ.

ಮೂರನೇದು, ಕಾಗದ. ಇದು ಎಲ್ಲದಕ್ಕಿಂತ ದೊಡ್ಡದು. ಅಜ್ಜನ ಹೆಸರಲ್ಲಿ ಆಸ್ತಿ, ವಾರಸುದಾರರು ಹನ್ನೊಂದು ಜನ, ನಾಲ್ಕು ಜನ ಬೆಂಗಳೂರು, ಇಬ್ಬರು ಅಮೆರಿಕ, ಒಬ್ಬರು ಮಾತಾಡಲ್ಲ. ಫಾರಂ ನಂಬರ್ 3 ಸಿಗಲ್ಲ, ಅದಿಲ್ಲದೆ ಬ್ಯಾಂಕು ಸಾಲ ಕೊಡಲ್ಲ, ಸಾಲ ಇಲ್ಲದೆ ರಿಪೇರಿ ಇಲ್ಲ. ನಾನೇ ನನ್ನ ಮನೆತನದ ಒಂದು ಸಣ್ಣ ಹಿಸ್ಸೆಯ ಕಾಗದಕ್ಕೆ ಒಂದು ಕಚೇರಿಯ ಮೆಟ್ಟಿಲು ಎಷ್ಟು ಸಲ ಹತ್ತಿದ್ದೀನಿ ಅಂದ್ರೆ ಆ ಮೆಟ್ಟಿಲಿನ ಒಡಕುಗಳು ನನಗೆ ಬಾಯಿಪಾಠ. ಪೇಟೆ ನವೀಕರಣ ಅಂದ್ರೆ ಮೊದಲು ಒಂದು ಬೀದಿಗೆ ಒಂದು ಕ್ಯಾಂಪ್. ಸರ್ವೆ, ವಾರಸಾ, ಖಾತೆ ಎಲ್ಲ ಒಂದೇ ಮೇಜಿನ ಮೇಲೆ. ಜೊತೆಗೆ ಯಾವ ಅಂಗಡಿಯಲ್ಲಿ ಯಾರು ಬಾಡಿಗೆಗಿದ್ದಾರೆ ಅನ್ನೋ ಪಟ್ಟಿಯೂ. ಕಟ್ಟಡ ಎದ್ದ ಮೇಲೆ ಬಾಡಿಗೆದಾರನಿಗೆ ಅದೇ ಜಾಗ ಅಂತ ಮೊದಲೇ ಬರೆದುಕೊಟ್ಟರೆ ಮಾತ್ರ ಅವನು ಬಾಗಿಲು ತೆಗೀತಾನೆ.

ನಾಲ್ಕನೇದು, ಒಂದೊಂದು ಊರಿಗೆ ಒಂದೊಂದು ಮದ್ದು. ಯಲ್ಲಾಪುರದ ಕಾಯಿಲೆ ಹೆದ್ದಾರಿ. ಹುಬ್ಬಳ್ಳಿ-ಅಂಕೋಲಾ ರಸ್ತೆ ಊರ ನಡುವೆ ಹೋಗುತ್ತೆ. ಹಿಂದೆ 63 ಅಂತಿದ್ದರು, ಈಗ 52. ಬಳ್ಳಾರಿ ಅದಿರು ಬೇಲೆಕೇರಿಗೆ ಓಡಿದ ಆ ವರ್ಷಗಳಲ್ಲಿ ಯಲ್ಲಾಪುರದ ಜನ ಕುಡಿದ ಕೆಂಪು ಧೂಳು ಅವರಿಗೇ ಗೊತ್ತು. ಅಲ್ಲಿ ಮೊದಲು ಬೇಕಾಗಿದ್ದು ಲಾರಿಯನ್ನೂ ಪೇಟೆಯನ್ನೂ ಬೇರೆ ಮಾಡೋದು. ಸಿದ್ದಾಪುರ ಇನ್ನೂ ಕೈಮೀರಿಲ್ಲ, ಅಲ್ಲಿ ಈಗಲೇ ಪೇಟೆ ಹಿಂದಿನ ಹಿತ್ತಲುಗಳನ್ನ ಕೂಡಿಸಿ ಒಂದು ಹಿಂಬೀದಿ ಬಿಟ್ಟರೆ ಮುಂದಿನ ಐವತ್ತು ವರ್ಷ ಉಳಿಯಿತು. ಶಿರಸಿ ತಡವಾಗಿದೆ. 2011ರ ಜನಗಣತಿಯಲ್ಲೇ 60 ಸಾವಿರ ದಾಟಿದ ಊರು. ಅಲ್ಲಿ ಗೆಡ್ಡಿಸ್ ಹೇಳಿದ್ದೇ ಮದ್ದು: ಒಂದು ಮನೆ, ಒಂದು ಮೂಲೆ, ಒಂದು ಓಣಿ.

ಇನ್ನೊಂದು ಮಾತು ಅಧಿಕಾರಿಗಳಿಗೆ. ಇದು ಸಿದ್ದಾಪುರ, ಅಂಕೋಲದ ಸೀಮೆ. 1930ರ ದಶಕದ ಕರನಿರಾಕರಣೆಯಲ್ಲಿ ಇಲ್ಲಿನ ರೈತರು ಜಮೀನು ಜಪ್ತಿಯಾದರೂ ಬಗ್ಗಲಿಲ್ಲ. ಜಾಗ ಹೋಗೋದು ಅಂದ್ರೆ ಏನು ಅಂತ ಇಲ್ಲಿನ ಮನೆಗಳಿಗೆ ಗೊತ್ತು. ಹೆದರಿಸಿ ಒಂದು ಅಡಿ ಸಿಗಲ್ಲ. ನಂಬಿಸಿದರೆ ಐದಡಿ ಸಿಗುತ್ತೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ. ತೇರಿಗೆ ಯಾಕೆ ದಾರಿ ಬಿಡ್ತಾರೆ? ಭಕ್ತಿ ಇದೆ, ನಿಜ. ಅದರ ಜೊತೆಗೆ ಇನ್ನೂ ಮೂರು ಇವೆ. ಯಾವತ್ತು ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಎಲ್ಲರೂ ಬಿಡ್ತಾರೆ, ನಾನೊಬ್ಬನೇ ಅಲ್ಲ, ದೊಡ್ಡ ಸಾಹುಕಾರನೂ ಬಿಡ್ತಾನೆ. ತೇರು ಹೋದ ಮೇಲೆ ನನ್ನ ಅಂಗಡಿ ನನಗೇ ಇರುತ್ತೆ, ಜಾತ್ರೆಯ ವ್ಯಾಪಾರವೂ ಸಿಗುತ್ತೆ. ದಿನಾಂಕ, ಸಮಾನತೆ, ವಾಪಸಾತಿ. ನಮ್ಮ ನಕ್ಷೆಗಳಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಯಾವಾಗ ಅಂತ ಗೊತ್ತಿಲ್ಲ, ಪ್ರಭಾವಿಯ ಕಟ್ಟಡದ ಹತ್ತಿರ ಗೆರೆ ಸೊಟ್ಟಗಾಗುತ್ತೆ, ಬಿಟ್ಟವನಿಗೆ ಏನು ಸಿಗುತ್ತೆ ಅಂತ ಯಾರೂ ಹೇಳಲ್ಲ. ಇಷ್ಟನ್ನ ಸರಿಮಾಡಿ. ಮುಂದಿನ ಜಾತ್ರೆಗೆ ಬಿಚ್ಚಿದ್ದನ್ನ ಮತ್ತೆ ಕಟ್ಟೋ ಮೊದಲು ಒಂದು ಬೀದಿ, ಒಂದೇ ಒಂದು ಬೀದಿ, ಮಾಲೀಕ ಬಾಡಿಗೆದಾರ ಇಬ್ಬರನ್ನೂ ಕೂರಿಸಿ ಸರಿಮಾಡಿ ತೋರಿಸಿ. ಅದರ ಮುಂದಿನ ಜಾತ್ರೆಗೆ ಪಕ್ಕದ ಬೀದಿಯವರೇ ಕೇಳಿಕೊಂಡು ಬರ್ತಾರೆ.

ಇಲ್ಲದಿದ್ದರೆ? ಮೇಲಿನ ಮಹಡಿಗಳಿಗೆ ಆಗಲೇ ಬೀಗ ಬಿದ್ದಿದೆ. ಮಕ್ಕಳು ಬೆಂಗಳೂರಲ್ಲಿದ್ದಾರೆ. ವ್ಯಾಪಾರ ಹುಬ್ಬಳ್ಳಿ ರಸ್ತೆಗೆ, ಬನವಾಸಿ ರಸ್ತೆಗೆ ನಡೀತಿದೆ, ಉಳಿದಿದ್ದು ಮೊಬೈಲಿಗೆ. ಅಲ್ಲೇ ಇರುವುದಕ್ಕೆ ಕಾರಣ ಇಲ್ಲದೇ ಹೋದಾಗ ಪೇಟೆ ಸಾಯುತ್ತೆ ಅಂತ ಹೇಳಿದ್ದೆ. ಸೋಂದಾಕ್ಕೆ ಸೈನ್ಯ ಬಂದಿತ್ತು. ಶಿರಸಿಯ ಹಳೇ ಪೇಟೆಗೆ ಯಾವ ಸೈನ್ಯವೂ ಬರಬೇಕಿಲ್ಲ. ಸೋರುವ ಮಾಡನ್ನ ಇನ್ನೊಂದಿಪ್ಪತ್ತು ಮಳೆಗಾಲ ಹಾಗೇ ಬಿಟ್ಟರೆ ಸಾಕು.